ಮಂಗಳವಾರ ಎಂಬ ಚೀಟಿ

ಕಲಿಮ್ನೋಸ್ ದ್ವೀಪದ ಬಂದರಿನ ಹಿಂದೆ
ಹಳೆಯ ಸುಂಕದ ಮನೆಯ ಮಹಡಿಯಲ್ಲಿ
ನಾಲ್ಕು ಸಾವಿರ ಚಿಲ್ಲರೆ ಫೋಟೋಗಳಿಗೆ
ನಾನೊಬ್ಬಳೇ ಕಾವಲು.
ಬಂದ ಹೊಸತರಲ್ಲಿ ಹನ್ನೆರಡು ಖಾನೆಗಳಿದ್ದವು:
ದೋಣಿ, ಬಂದರು, ಸ್ಪಂಜು, ಮದುವೆ, ಪಾದ್ರಿ, ಹೀಗೆ
ರಾಜಧಾನಿಯಿಂದ ಅಚ್ಚಾಗಿ ಬಂದ ಪಟ್ಟಿ,
ಇಸ್ತ್ರಿ ಮಾಡಿದ ಅಂಗಿಯಷ್ಟು ನೀಟು.
ಎಲ್ಲವನ್ನೂ ತುಂಬಿದೆ. ಕೇಳಿದ್ದು ಮಾತ್ರ ಸಿಗಲಿಲ್ಲ.

"ನಮ್ಮಜ್ಜ ಕೋಲೂರಿ ಕುಣಿದ ಫೋಟೋ ಎಲ್ಲಿ?" ಎಂದು
ಬ್ರೆಡ್ಡಿನಂಗಡಿಯ ಸೆವಸ್ತಿ ಕೇಳಿದರೆ
ಹಬ್ಬದಲ್ಲಿ ಹುಡುಕಲೋ, ಕಾಯಿಲೆಯಲ್ಲೋ?

ಸೋತು, ಎಲ್ಲವನ್ನೂ ತೆರೆಗೇರಿಸಿ
ಊರಿಗೇ ಬಿಟ್ಟುಕೊಟ್ಟೆ.
ನೋಡಿ, ತೋಚಿದ ಪದ ಅಂಟಿಸಿ,
ಒಂದಾದರೂ ಸರಿ ಹತ್ತಾದರೂ ಸರಿ,
ಕಾಗುಣಿತ ನಾನು ನೋಡುವುದಿಲ್ಲ.

ಊರು ಸುಮ್ಮನಿರುತ್ತದೆಯೇ?
ಸ್ಪಂಜಿಗೆ ಐದು ಬಗೆಯ ಕಾಗುಣಿತ ಬಂತು.
ಒಬ್ಬ 'ಚಿನ್ನ' ಎಂದ, ಅದರ ಕೆಳಗೇ ಇನ್ನೊಬ್ಬ 'ಕೊಲೆಗಾರ' ಎಂದ.
ಗಂಭೀರವಾಗಿ ನಿಂತ ಮೇಯರನ ಪಟಕ್ಕೆ
'ಅಳಿಯನ ಸಾಲ', 'ಸುಳ್ಳು ಮೀಸೆ'.
ಯಾರೋ ಎಪ್ಪತ್ತು ಪಟಗಳಿಗೆ ಬರೇ 'ಗಾಳಿ' ಎಂದು ಬರೆದರು.
ನೋಡಿದರೆ ಹೌದು, ಎಪ್ಪತ್ತರಲ್ಲೂ
ಹೆಂಗಸರು ಲಂಗ ಒತ್ತಿ ಹಿಡಿದಿದ್ದಾರೆ.

ಸಕೆಲ್ಲಾರಿಸ್ ಮುದುಕ ದಿನಾ ಬಂದು ಕೂತು
'ಕಾಲು' ಎಂದು ಬರೆಯತೊಡಗಿದ.
ವಾರದ ಮೇಲೆ ಆ ಪದವನ್ನು ಒತ್ತಿದೆ:
ಕಡಲ ತಳದಿಂದ ಅವಸರದಲ್ಲಿ ಮೇಲೆ ಬಂದು
ಸೊಂಟದ ಕೆಳಗೆ ಸತ್ತವರು
ನಲವತ್ತೊಂದು ಮಂದಿ
ಮದುವೆಯಿಂದ, ಹಬ್ಬದಿಂದ, ಕಾಫಿ ಕಟ್ಟೆಯಿಂದ ಎದ್ದು
ನನ್ನ ತೆರೆಯ ಮೇಲೆ ಒಟ್ಟಿಗೆ ಬಂದು ಕೂತರು.
ನನ್ನ ಹನ್ನೆರಡು ಖಾನೆಗಳಲ್ಲಿ
ಅವರು ಒಬ್ಬರನ್ನೊಬ್ಬರು ಕಂಡೇ ಇರಲಿಲ್ಲ.

ತಿಂಗಳ ಕೊನೆಗೆ ಕಸ ಗುಡಿಸುವ ಕೆಲಸ.
ಒಬ್ಬರೇ ಬಳಸಿದ ಪದಗಳನ್ನು
ಬೇಳೆಯೊಳಗಿನ ಕಲ್ಲಿನಂತೆ ಯಂತ್ರ ಆರಿಸಿ ಕೊಡುತ್ತದೆ.
ಅಳಿಸಲೇ? ಹೌದು. ಬೇಡ.
ಅಲ್ಲಿತ್ತು 'ಮಂಗಳವಾರ'.
ಬರೆದವಳು ಥೆಮೆಲಿನಾ, ವಯಸ್ಸು ಎಂಬತ್ತಾರು.
ಒಂಬತ್ತು ಪಟ. ಒಂದು ಕುರಿಮರಿ. ಚರ್ಚಿನ ಮೆಟ್ಟಿಲು.
ಕುರ್ಚಿ ರಿಪೇರಿಯವನ ಅಂಗಡಿ. ಯಾರದೋ ನಾಮಕರಣ.
ಬರಿಯ ಬಂದರಿನ ಗೋಡೆ.
ಒಂದಕ್ಕೊಂದು ಸಂಬಂಧ ಎಳ್ಳಷ್ಟೂ ಇಲ್ಲ.
ಬೆರಳು ಆಗಲೇ 'ಹೌದು' ಮೇಲಿತ್ತು.

ಯಾಕೋ, ಒಂಬತ್ತನ್ನೂ ಪಕ್ಕಪಕ್ಕ ಹರಡಿದೆ.
ಕುರಿಮರಿಯ ಹಿಂದೆ ಒಂದು ಭುಜ.
ಮೆಟ್ಟಿಲ ತುದಿಗೆ ಅರ್ಧ ಟೋಪಿ.
ನಾಮಕರಣದ ಗುಂಪಿನಾಚೆ, ಗಮನ ಬೇರೆಲ್ಲೋ ಇಟ್ಟು
ಕಿತ್ತಳೆ ಸುಲಿಯುತ್ತಿರುವ ಹುಡುಗ.
ಯಾವ ಪಟವೂ ಅವನದಲ್ಲ.

ಮಂಗಳವಾರ ಇವರು ದೋಣಿ ಬಿಡುವುದಿಲ್ಲ.
ಅವನ ಯಜಮಾನ ಬಿಟ್ಟಿದ್ದ.

ಮನೆಗೇ ಹೋಗಿ ಕೇಳಿದೆ: ಗೋಡೆಯ ಪಟದಲ್ಲಿ ಅವನೆಲ್ಲಿ?
ಥೆಮೆಲಿನಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.
ಕನ್ನಡಕ ಏರಿಸಿ ನೋಡಿದಳು.
"ಅದಾ? ಮೊಮ್ಮಗಳ ಫೋನು, ಕೈ ಜಾರಿ ಒತ್ತಿರಬೇಕು."
ಮತ್ತೆ ನಾರಿಗೆ ಕೈ ಹಾಕಿ,
ಸ್ವಲ್ಪ ಹೊತ್ತಿನ ಮೇಲೆ, "ಇರಲಿ ಬಿಡು" ಎಂದಳು.

ಬಿಟ್ಟೆ. ಪದ ಅಂಟುರೋಗ.
ಚಳಿಗಾಲ ಮುಗಿಯುವಷ್ಟರಲ್ಲಿ, ಯಾರೂ ಹೇಳಿಕೊಡದೆ,
ಊರವರು ತಮ್ಮ ತಮ್ಮ ಬಾರದವರಿಗೆ
ಅದನ್ನೇ ಅಂಟಿಸತೊಡಗಿದರು.
ಗುರುವಾರ ಮುಳುಗಿದವರಿಗೂ,
ಆಸ್ಟ್ರೇಲಿಯಾಕ್ಕೆ ಹೋಗಿ ಕಾಗದ ನಿಲ್ಲಿಸಿದವರಿಗೂ.
ಈಗ ಅರವತ್ತನಾಲ್ಕು.

ಕಳೆದ ಜುಲೈಯಲ್ಲಿ, ಬಂಡೆ ಹತ್ತಲು
ಅಥೆನ್ಸಿನಿಂದ ಅಪ್ಪನ ಜೊತೆ ಬಂದ ಪುಟ್ಟ ಹುಡುಗನೊಬ್ಬ
ತನ್ನದೇ ಪಟ ಏರಿಸಿದ: ಮೂಗಿನ ತುದಿಗೆ ಐಸ್‌ಕ್ರೀಮು.
ಅಂಟಿಸಿದ ಪದ, ಮಂಗಳವಾರ.
ಕ್ಯಾಲೆಂಡರ್ ನೋಡಿದೆ. ಹೌದು,
ಅವತ್ತು ಮಂಗಳವಾರವೇ.

ಯಂತ್ರ ಅವನನ್ನು ಒಯ್ದು
ಕಿತ್ತಳೆಯವನ ಪಕ್ಕದಲ್ಲೇ ಕೂರಿಸಿದೆ.
ತಪ್ಪು ಎನ್ನಲು ನನ್ನ ಬಳಿ ಖಾನೆಯಿಲ್ಲ.
ಐಸ್‌ಕ್ರೀಮು ಮೊಣಕೈವರೆಗೆ ಇಳಿದಿದೆ,
ಅವನಿಗೆ ಅದರ ಗೊಡವೆಯಿಲ್ಲ.